ಹುನಗುಂದದ ಗೋಲಿನಲ್ಲಿ ಮಲಗುವ ಗೂಳಿಯವರಿಗೆ

ಇಳಕಲ್ಲ,
ಯುಗಾದಿಯ ಮರುವಾರ, ೧೯೭೯

ಸಮಸ್ತ ಫುಟ್‌ಬಾಲ್ ಪ್ರೇಮಿಗಳಿಗೂ, ಇಳಕಲ್ಲ, ಹುನಗುಂದ, ಬಾದಾಮಿ, ಬಾಗಲಕೋಟೆಗಳ ಆಬಾಲವೃದ್ಧರಿಗೂ, ಫುಟ್‌ಬಾಲೆಂದರೆ ಏನೆಂದು ಕೇಳುವ ಉಳಿದ ನಾಡಿಗೂ ಡಂಗುರ ಹೊಡೆಸಿ ತಿಳಿಸತಕ್ಕ ಐತಿಹಾಸಿಕ ಸಂಗತಿಯೇನೆಂದರೆ, ಕಳೆದ ರವಿವಾರ ಸಂಜೆ ಹುನಗುಂದದ ಮೈದಾನದಲ್ಲಿ, ಆಟ ನಡೆದಿರುವಾಗಲೇ, ಗೂಳಿ ಎದ್ದು ನಿಂತಿತು.

ಮಾನ್ಯ ಗೂಳಿಯವರೇ,

ತಮ್ಮ ಬೆನ್ನ ಮೇಲೆ ಉಬ್ಬಿದ ಇಣಿಗೆ, ಕೊರಳ ಕೆಳಗೆ ಜೋಲುವ ಗಂಗೆದೊಗಲಿಗೆ, ಎರಡೂ ಕೋಡುಗಳಿಗೆ ಬೇರೆಬೇರೆಯಾಗಿ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಮ್ಮ ಕ್ಷೇಮವನ್ನು ಕೇಳುವುದಿಲ್ಲ. ಕಳೆದ ಒಂದು ತಿಂಗಳಿನಲ್ಲಿ ನಮ್ಮೂರಿನಿಂದ ತಮಗೆ ಬಂದು ಮುಟ್ಟಿದ ಹಿಂಡಿ, ಬೆಲ್ಲ, ಹೋಳಿಗೆಗಳನ್ನು ತಿಂದವರು ಅಕ್ಷೇಮವಾಗಿರಲು ಸಾಧ್ಯವಿಲ್ಲ.

ತಮ್ಮ ಪರಿಚಯವನ್ನು ತಮಗೇ ಮಾಡಿಕೊಡುವ ಅಧಿಕಪ್ರಸಂಗವನ್ನು ಮನ್ನಿಸಬೇಕು. ಬಹಿರಂಗ ಪತ್ರವಾದ್ದರಿಂದ ಇದನ್ನು ಹೊರಗಿನವರೂ ಓದುತ್ತಾರೆ. ತಾವು ದೇವರಿಗೆ ಬಿಟ್ಟ ಗೂಳಿ. ತಮಗೆ ಮೂಗುದಾರವಿಲ್ಲ, ಮಾಲಕರಿಲ್ಲ. ತಮ್ಮ ಮೇಲೆ ಕೋಲೆತ್ತುವವರು ನಾಲ್ಕೂ ಊರುಗಳಲ್ಲಿ ಇನ್ನೂ ಹುಟ್ಟಿಲ್ಲ. ಎದುರಾದವರು ಇಣಿ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಪಕ್ಕಕ್ಕೆ ಸರಿಯುತ್ತಾರೆ. ಇಷ್ಟು ವಿಶಾಲವಾದ ಭೂಮಂಡಲದಲ್ಲಿ ಮಲಗಲು ತಾವು ಆರಿಸಿಕೊಂಡ ಸ್ಥಳವೆಂದರೆ ಹುನಗುಂದ ತಂಡದ ಎರಡು ಗೋಲುಗಂಬಗಳ ನಡುವಿನದು. ವಿರಾಮದಲ್ಲಿ ತಂಡಗಳು ದಿಕ್ಕು ಬದಲಿಸಿದರೆ ತಾವೂ ಎದ್ದು, ಬಾಲ ಬೀಸುತ್ತ, ಆಚೆಯ ಗೋಲಿಗೆ ಹೋಗಿ ಮಲಗುತ್ತೀರಿ. ಫುಟ್‌ಬಾಲಿನ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು, ಆಟಗಾರರನ್ನೂ ಸೇರಿಸಿ, ನಾನು ಕಂಡಿಲ್ಲ. ಹುನಗುಂದದ ಗೋಲ್‌ಕೀಪರ ಹನಮಂತಪ್ಪನಿಗೆ ಅವನ ತಾಯಿ ಸತ್ಯವ್ವ ಕಟ್ಟಿಕೊಡುವ ರೊಟ್ಟಿ-ಬೆಲ್ಲದ ಗಂಟು ಯಾವ ಕಂಬದ ಬುಡದಲ್ಲಿರುತ್ತದೆಯೋ ತಮ್ಮ ಮೂತಿಯೂ ಆ ಕಡೆಗೇ ಇರುತ್ತದೆಂದು ಕೆಲವರು ಆಡಿಕೊಳ್ಳುತ್ತಾರೆ. ನಾನು ನಂಬಿಲ್ಲ. ನಂಬಿದ್ದೇನೆ, ಆದರೆ ಬರೆಯುವುದಿಲ್ಲ.

ನಾಲ್ಕೂ ಊರುಗಳ ಟೂರ್ನಮೆಂಟಿನಲ್ಲಿ ನಮ್ಮ ಇಳಕಲ್ಲಿನ ತಂಡ ಪ್ರತಿವರ್ಷ ಬಾಗಲಕೋಟೆಯನ್ನು ಸೋಲಿಸುತ್ತದೆ. ಬಾದಾಮಿಯನ್ನೂ ಸೋಲಿಸುತ್ತದೆ, ಅಲ್ಲಿಯ ಮಂಗಗಳು ಚೆಂಡನ್ನು ಗುಡ್ಡಕ್ಕೊಯ್ದರೂ ಅರ್ಧ ತಾಸಿನಲ್ಲಿ ಬೇಸರವಾಗಿ ಕೆಳಗೆ ಒಗೆಯುತ್ತವೆ, ಆಟ ಮುಂದುವರಿಯುತ್ತದೆ. ಕೊನೆಗೆ ಹುನಗುಂದ, ಇಳಕಲ್ಲ ಸಮಸಮ ನಿಂತು ಹುನಗುಂದದ ಮೈದಾನದಲ್ಲಿ ಪ್ಲೇ-ಆಫ್ ಎಂಬ ನಿರ್ಣಾಯಕ ಪಂದ್ಯ ಆಗುತ್ತದೆ. ಪ್ಲೇ-ಆಫಿನಲ್ಲಿ ತಾವಿರುತ್ತೀರಿ.

ಕಳೆದ ವರ್ಷದ ಪ್ಲೇ-ಆಫನ್ನು ತಾವು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದುದರಿಂದ ನೋಡಿರಲಿಕ್ಕಿಲ್ಲ. ನಮ್ಮ ಸೆಂಟರ್ ಫಾರ್ವರ್ಡ್ ಅಂದಪ್ಪ, ಇಡೀ ವಾರ ಸೀರೆ ನೇಯ್ದು ರವಿವಾರ ಮಾತ್ರ ಸೂರ್ಯನನ್ನು ನೋಡುವವನು, ಎಲ್ಲರನ್ನೂ ದಾಟಿಕೊಂಡು ಗೋಲಿನ ಮುಂದೆ ಬಂದ. ಹನಮಂತಪ್ಪ ಕಾಲು ಜಾರಿ ಅಂಗಾತ ಬಿದ್ದಿದ್ದ. ನಡುವೆ ಉಳಿದವರು ತಾವೊಬ್ಬರೇ. ಅಂದಪ್ಪ ಚೆಂಡನ್ನು ನಿಲ್ಲಿಸಿದ, ಬಾಗಿದ, ತಮ್ಮ ಇಣಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನು ಕಣ್ಣು ತೆರೆಯುವುದರೊಳಗೆ ಹನಮಂತಪ್ಪ ಎದ್ದು, ಅಂಗಿ ಝಾಡಿಸಿಕೊಂಡು, ಚೆಂಡನ್ನು ಮೈದಾನದ ಆಚೆ ತುದಿಗೆ ಒದ್ದಾಗಿತ್ತು. ಊರಿಗೆ ಬಂದ ಮೇಲೆ ಯಾರೂ ಅವನನ್ನು ಬೈಯಲಿಲ್ಲ. ಒದ್ದ ಮೇಲೆ ನಮಸ್ಕಾರ ಮಾಡಬಹುದಿತ್ತಲ್ಲ ಎಂದು ಮೆತ್ತಗೆ ಕೇಳಿದ್ದಷ್ಟೇ. ಅದಕ್ಕೆ ಅವನು ಅಂದದ್ದು ಇದು:

"ಚೆಂಡ ಕಾಲಾಗ ಇತ್ರಿ. ದೇವರ ಗೂಳಿಗಿ ಕಾಲ ಮುಂದ ಮಾಡ್ಲೇನು?"

ಈ ವರ್ಷದ ಪಂದ್ಯ ಮಾತ್ರ ಹಾಗೆ ಬಿಡುವಂಥದ್ದಾಗಿರಲಿಲ್ಲ. ನಮ್ಮ ಟೂರ್ನಮೆಂಟಿನ ಶೀಲ್ಡು ಬೆಳ್ಳಿಯದಲ್ಲ, ಇಳಕಲ್ಲಿನ ಕೆಂಪು ಕಲ್ಲಿನದು. ಕಲ್ಲುಕುಟಿಗ ಅಬ್ದುಲಸಾಬ ಒಂದು ಬೇಸಿಗೆ ಪೂರ್ತಿ ಕಡಿದು, ತಿಕ್ಕಿ, ಕನ್ನಡಿ ಮಾಡಿದ ಶೀಲ್ಡು. ನಾಲ್ಕು ಮಂದಿ ಹೊರಬೇಕು. ನಮ್ಮೂರೇ ಗೆಲ್ಲುತ್ತದೆಂಬ ಧೈರ್ಯದಿಂದ ಅವನು ತನ್ನ ಬಾಗಿಲ ಮುಂದೆ ಅದಕ್ಕೊಂದು ಕಟ್ಟೆಯನ್ನೂ ಮೊದಲೇ ಕಟ್ಟಿಸಿಟ್ಟ. ಶೀಲ್ಡು ಚಕ್ಕಡಿಯಲ್ಲಿ ಹುನಗುಂದಕ್ಕೆ ಹೋದದ್ದು ಹೋಯಿತು, ಮೂರು ವರ್ಷ ತಿರುಗಿ ಬರಲಿಲ್ಲ. ಖಾಲಿ ಕಟ್ಟೆಯ ಮೇಲೆ ಅವನ ಹೆಂಡತಿ ಮಾಬುಬಿ ಸಂಡಿಗೆ ಒಣಗಿಸುತ್ತಾಳೆ. ನಾಲ್ಕನೆಯ ಸಲವೂ ಗೆದ್ದವರಿಗೆ ಶೀಲ್ಡು ಕಾಯಂ ಎಂಬುದು ನಿಯಮ. ಅಬ್ದುಲಸಾಬ ಹೆಚ್ಚು ಮಾತಿನವನಲ್ಲ. ಈ ವರ್ಷವೂ ಹುನಗುಂದದೊಂದಿಗೇ ಪ್ಲೇ-ಆಫ್ ಎಂದು ಗೊತ್ತಾದ ದಿನ ಮಾತ್ರ ಕಟ್ಟೆಯ ಹತ್ತಿರ ಕುಳಿತು, "ಕಲ್ಲ ನಮ್ಮೂರದು, ಕೈ ನಂದು. ನೋಡಬೇಕಂದ್ರ ಬಸ್ ಹತ್ತಬೇಕು," ಎಂದ.

ಆ ಕ್ಷಣದಲ್ಲಿಯೇ, ಆ ಕಟ್ಟೆಯ ಸುತ್ತಲೇ, ನಮ್ಮ ವ್ಯೂಹ ಸಮಿತಿ ಸ್ಥಾಪನೆಯಾಯಿತು. ಫುಟ್‌ಬಾಲ್ ಆಡಲು ಬಾರದಿರುವುದು ಸದಸ್ಯತ್ವಕ್ಕೆ ಏಕೈಕ ಅರ್ಹತೆಯಾದ್ದರಿಂದ ಓಣಿಗೆ ಓಣಿಯೇ ಸದಸ್ಯವಾಯಿತು. ಅಧ್ಯಕ್ಷ ಈರಪ್ಪ, ಒಮ್ಮೆ ಸೀರೆ ಮಾರಲು ಕೊಲ್ಲಾಪುರಕ್ಕೆ ಹೋಗಿ, ಬಸ್ಸು ತಪ್ಪಿಸಿಕೊಂಡು, ಒಂದು ಇಡೀ ಪಂದ್ಯವನ್ನು ನೋಡಿ ಬಂದವನು. ಅಂದಿನಿಂದ ಅವನ ಪ್ರತಿಯೊಂದು ವಾಕ್ಯವೂ "ಕೊಲ್ಲಾಪುರದಾಗ ಹಿಂಗಲ್ಲ" ಎಂದು ಶುರುವಾಗುತ್ತದೆ. ಅವನು ಮಾಬುಬಿಯ ಸಂಡಿಗೆಗಳನ್ನೇ ಆಟಗಾರರಂತೆ ಕಟ್ಟೆಯ ಮೇಲೆ ಹೂಡಿ, ತಮ್ಮ ಜಾಗದಲ್ಲಿ ಒಂದು ಬುಟ್ಟಿ ಬೋರಲು ಹಾಕಿ, ವ್ಯೂಹವನ್ನು ವಿವರಿಸಿದ. ಚರ್ಚೆಯ ಕಾವಿನಲ್ಲಿ ಹುನಗುಂದದ ಇಬ್ಬರು ಬ್ಯಾಕುಗಳನ್ನು ಅವನೇ ತಿಂದ. ಬಲಗಡೆಯ ವಿಂಗರನ್ನು ನಾನು ತಿಂದೆ, ಉಪ್ಪು ತುಸು ಹೆಚ್ಚಾಗಿತ್ತು. ಮಾಬುಬಿ ಬಂದು ನೋಡುವಾಗ ಎರಡೂ ತಂಡ ಸೇರಿ ಒಬ್ಬ ಗೋಲ್‌ಕೀಪರ ಉಳಿದಿದ್ದ. "ಹಿಂಗ ಮೈದಾನದಾಗ ತಿಂದಿದ್ರ ಕಲ್ಲು ಯಾವಾಗೋ ಬರ್ತಿತ್ತು," ಎಂದು ಅವನನ್ನೂ ಎತ್ತಿಕೊಂಡು ಒಳಗೆ ಹೋದಳು.

ತಮ್ಮ ಮಾಹಿತಿಗಾಗಿ ತಿಳಿಸುವುದೇನೆಂದರೆ, ಚೆಂಡನ್ನು ತಮ್ಮ ಇಣಿಯ ಮೇಲಿಂದ ಹಾರಿಸಬೇಕೆಂಬ ಸೂಚನೆ ಮೊದಲು ಬಂತು. ಅಂದಪ್ಪನೇ ಅದನ್ನು ತಳ್ಳಿಹಾಕಿದ: ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಹಲಗೆ ತುಳಿದು ತುಳಿದು ನೇಕಾರನ ಕಾಲು ಕೆಳಗೆ ಹೋದೀತೇ ಹೊರತು ಮೇಲೆ ಏಳುವುದಿಲ್ಲ. ಪಂದ್ಯಕ್ಕೆ ಮುಂಚೆಯೇ ಇಡೀ ತಂಡ ತಮಗೆ ಮುಂಗಡವಾಗಿ, ಎಲ್ಲ ಸೇರಿಸಿ, ಠೋಕ ನಮಸ್ಕಾರ ಸಲ್ಲಿಸಿ, ಆಟದ ಹೊತ್ತಿಗೆ ಏನೂ ಉಳಿಸಿಕೊಳ್ಳದೆ ಬೇಬಾಕಿಯಾಗಿರಬೇಕೆಂದು ನಾನು ಸೂಚಿಸಿದೆ. ನಮಸ್ಕಾರ ಮುಂಗಡ ಆದೀತು, ಕಾಲು ಕಾಲೇ ಅಲ್ಲವೇ ಎಂದರು. ಸಕಾಲದಲ್ಲಿ ಒಂದು ಹಸುವನ್ನು ಮೈದಾನಕ್ಕೆ ಬಿಡುವ ಸೂಚನೆಯೂ ಬಂದಿತ್ತು. ಅದನ್ನು ತಮ್ಮ ಮರ್ಯಾದೆಯ ದೃಷ್ಟಿಯಿಂದ ನಡಾವಳಿಯಿಂದ ತೆಗೆದುಹಾಕಲಾಯಿತು. ಕೊನೆಗೆ ಅಬ್ದುಲಸಾಬನೇ, ಗೂಳಿಯನ್ನು ಸೋಲಿಸುವುದು ಆಗದ ಮಾತು, ಒಲಿಸಿಕೊಳ್ಳಿರಿ ಎಂದ. ಸಮಿತಿ ಇದನ್ನು ಒಂದೇ ಧ್ವನಿಯಿಂದ ತಿರಸ್ಕರಿಸಿತು. ಮರುದಿನದಿಂದ ಪ್ರತಿಯೊಬ್ಬ ಸದಸ್ಯನೂ ಉಳಿದವರಿಗೆ ಹೇಳದೆ ಹುನಗುಂದದ ಬಸ್ಸು ಹತ್ತತೊಡಗಿದ. ಈರಪ್ಪ ಶೇಂಗಾ ಹಿಂಡಿ ಒಯ್ದ. ನಾನು ನಮ್ಮ ಮನೆಯ ಯುಗಾದಿಯ ಹೋಳಿಗೆಯನ್ನು ಒಯ್ದೆ. ಹಬ್ಬಕ್ಕೆ ಬಂದ ಬೀಗರು ಅನ್ನ-ಸಾರು ಉಂಡು ಹೋದರು. ಬಸ್ಸಿನಲ್ಲಿ ಪರಸ್ಪರ ಭೇಟಿಯಾದಾಗ ಎಲ್ಲರಿಗೂ ಹುನಗುಂದದಲ್ಲಿ ಸೋದರಮಾವಂದಿರಿದ್ದರು.

ರವಿವಾರ ಬಂತು. ತಾವು ಎಂದಿನಂತೆ ಹನಮಂತಪ್ಪನ ಕಾಲಬಳಿ ಮಲಗಿದ್ದಿರಿ, ಆದರೆ ಸತ್ಯವ್ವನ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ. ನಮ್ಮ ಎದೆ ಹಿಗ್ಗಿತು. ಆಟ ಮುಗಿಯಲು ಬಂದಾಗ ಅಂದಪ್ಪ ಮತ್ತೆ ಎಲ್ಲರನ್ನೂ ದಾಟಿ ಬಂದ. ಅವನ ಚಡ್ಡಿಯ ಕಿಸೆಯಲ್ಲಿ ಬೆಲ್ಲವಿತ್ತೆಂಬುದು ನಮಗಾರಿಗೂ ತಿಳಿದಿರಲಿಲ್ಲ, ತಮಗೆ ತಿಳಿದಿತ್ತು. ತಾವು ಎದ್ದಿರಿ. ನಡೆದು ಅವನ ಎದುರಿಗೆ ಬಂದಿರಿ. ಅವನು ಚೆಂಡು ಬಿಟ್ಟು ಕೈ ಮುಗಿದ. ತಾವು ಕಿಸೆಗೆ ಮೂತಿಯಿಟ್ಟು ಬೆಲ್ಲವನ್ನು ಸ್ವೀಕರಿಸಿ, ತಿರುಗಿ ತಮ್ಮ ಜಾಗಕ್ಕೆ ಹೊರಟಾಗ, ಚೆಂಡು ತಮ್ಮ ಮುಂಗಾಲಿಗೆ ತಾಗಿ ಮುಂದೆ ಮುಂದೆ ಉರುಳಿತು. ಹನಮಂತಪ್ಪ ತಡೆಯಬಹುದಿತ್ತು. ಆದರೆ ಚೆಂಡಿನ ಬೆನ್ನಿಗೇ ತಾವು ಬರುತ್ತಿದ್ದಿರಿ. ಅವನೂ ಕೈ ಮುಗಿದ. ಚೆಂಡು ಒಳಗೆ ಹೋಯಿತು, ಅದರ ಹಿಂದೆ ತಾವು ಹೋಗಿ ಮಲಗಿದಿರಿ.

ಇಡೀ ಪಂದ್ಯಕ್ಕೆ ಅದೊಂದೇ ಗೋಲು. ಗೂಳಿ ಹುನಗುಂದದ್ದಾದ್ದರಿಂದ ಗೋಲೂ ಹುನಗುಂದದ್ದೇ ಎಂದು ಆ ಊರಿನವರು ಹೇಳಿದರು. ಕೊಲ್ಲಾಪುರದಲ್ಲಿ ಹಾಗಲ್ಲ, ಯಾರೇ ತನ್ನ ಗೋಲಿಗೆ ತಾನೇ ಹೊಡೆದುಕೊಂಡರೆ ಎದುರಿನವರಿಗೆ ಲಾಭ ಎಂದು ಈರಪ್ಪ ಹೇಳಿದ. ಬಾಗಲಕೋಟೆಯಿಂದ ಬಂದ ರೆಫರಿ ಮಾಸ್ತರರು ನಿಯಮದ ಪುಸ್ತಕವನ್ನು ಹಿಂದುಮುಂದು ತಿರುವಿ, ಅದರ ಪ್ರಕಾರ ಇದು ಗೋಲೇ ಅಲ್ಲವೆಂದೂ, ಹಾಗೆಂದು ಗೂಳಿಯ ಎದುರಿಗೆ ನಿಂತು ಹೇಳುವವರಿದ್ದರೆ ಮುಂದೆ ಬರಬೇಕೆಂದೂ ಕೇಳಿದರು. ಒಂದು ನರಪಿಳ್ಳೆಯೂ ಹೆಜ್ಜೆ ಎತ್ತಲಿಲ್ಲ. ಹೀಗಾಗಿ ಗೋಲು ಊರ್ಜಿತವಾಯಿತು, ಯಾವ ತಂಡಕ್ಕೂ ಸೇರದಾಯಿತು. ಹೊಡೆದವರೇ ವಿಜಯಿಗಳೆಂದು ತೀರ್ಪಾಗಿ, ಅಬ್ದುಲಸಾಬನ ಕಲ್ಲನ್ನು ನಾಲ್ಕು ಮಂದಿ ಹೊತ್ತು ತಂದು ತಮ್ಮ ಮಗ್ಗುಲಿಗಿಟ್ಟರು. ಗೂಳಿ ಎಲ್ಲಿ ಮಲಗುತ್ತದೆಯೋ ಶೀಲ್ಡು ಅಲ್ಲೇ ಇರತಕ್ಕದ್ದೆಂದು ಎರಡೂ ಊರಿನ ಹಿರಿಯರು ತಮ್ಮ ಇಣಿ ಮುಟ್ಟಿ ಒಪ್ಪಿದರು.

ಆದಕಾರಣ, ಮಾನ್ಯರೇ, ನನ್ನ ದೂರು ಇಷ್ಟೇ: ತಾವು ನಮ್ಮ ಹೋಳಿಗೆ ತಿಂದು ಹುನಗುಂದದಲ್ಲಿ ಮಲಗಿದ್ದೀರಿ. ತಮಗೆ ಮಾಲಕರಿಲ್ಲವಾದ್ದರಿಂದ ಯಾರ ಅಪ್ಪಣೆಯೂ ಬೇಡ, ಬಸ್ಸಿಗೂ ಕಾಯಬೇಕಿಲ್ಲ. ಒಂದು ಮುಂಜಾನೆ ಎದ್ದು, ದಕ್ಷಿಣಕ್ಕೆ ಮುಖ ಮಾಡಿ, ನಮ್ಮೂರಿಗೆ ದಯಮಾಡಿಸಬೇಕು. ಅಬ್ದುಲಸಾಬನ ಕಟ್ಟೆಯ ಪಕ್ಕದಲ್ಲಿ ಒಂದು ಬೇವಿನ ಮರವಿದೆ. ಅದರ ನೆರಳಲ್ಲಿ ತಾವು ಒಂದು ರಾತ್ರಿ ಮಲಗಿದರೆ ಸಾಕು, ಕಲ್ಲು ಹಿಂದಿನಿಂದ ಚಕ್ಕಡಿಯಲ್ಲಿ ಬರುತ್ತದೆ. ಅವನು ಈಗ ದಿನಾಲು ಬೆಳಿಗ್ಗೆ ಕಟ್ಟೆಗೆ ನೀರು ಹಾಕಿ ತೊಳೆಯುತ್ತಾನೆ. ತೊಳೆದು ರಸ್ತೆಯ ಕಡೆಗೆ ನೋಡುತ್ತಾನೆ. ಮಾಬುಬಿ, ತಾನು ಸಂಡಿಗೆ ಹಾಕುವ ಹೊತ್ತಾಯಿತೆಂದು ತಿಳಿದೂ, ಅವನು ಒಳಗೆ ಬರುವವರೆಗೆ ಹೊರಗೆ ಬರುವುದಿಲ್ಲ.

ಅಲ್ಲಿಯವರೆಗೆ ಕಿಸೆಯಲ್ಲಿ ಬೆಲ್ಲವಿಟ್ಟುಕೊಂಡೇ ತಿರುಗುತ್ತಿರುವ,

ತಮ್ಮ ವಿಶ್ವಾಸಿ,
ಅಮಾತೆಪ್ಪ
ಕಾರ್ಯದರ್ಶಿ, ವ್ಯೂಹ ಸಮಿತಿ, ಇಳಕಲ್ಲ

ತಾ.ಕ.: ತಾವು ಶೀಲ್ಡಿಗೆ ಬೆನ್ನು ತಿಕ್ಕಿಕೊಳ್ಳುತ್ತಿರುವಿರೆಂದು ಕೇಳಿ ಸಂತೋಷವಾಯಿತು. ಹುನಗುಂದದಲ್ಲಿ ಅಂಥ ಕಲ್ಲು ಅದೊಂದೇ. ನಮ್ಮೂರಲ್ಲಿ ಬೆನ್ನಿಗೊಂದು, ಬಗಲಿಗೊಂದು, ಕುತ್ತಿಗೆಗೊಂದು ಸಿಗುತ್ತದೆ. ಯೋಚಿಸಿ ನೋಡಿ.

ಓದುಗರಲ್ಲಿ ಒಂದು ಸಣ್ಣ ಕೋರಿಕೆ. ಕಲ್ಲು ಬಂದರೆ ಕಟ್ಟೆ ಬಿಟ್ಟುಕೊಡಲು ಮಾಬುಬಿ ಒಪ್ಪಿದ್ದಾಳೆ. "ಕಲ್ಲು ಬರ್ಲಿ. ಆದ್ರ ಅದರ ಹಿಂದ ಗೂಳಿನೂ ಇರ್ತೈತಲ್ಲ, ಸಂಡಗಿ ಕಾಯೋರು ಯಾರು?" ಎಂಬುದು ಅವಳ ಪ್ರಶ್ನೆ. ಇಳಕಲ್ಲಿನಲ್ಲಿ ಯಾರದಾದರೂ ಮನೆಯ ಮಾಳಿಗೆಗೆ ಗೂಳಿ ಹತ್ತಲಾರದಷ್ಟು ಇಕ್ಕಟ್ಟಾದ ಮೆಟ್ಟಿಲುಗಳಿದ್ದರೆ, ಈ ಬೇಸಿಗೆ ಮುಗಿಯುವವರೆಗೆ ಅದನ್ನು ಅವಳಿಗೆ ಬಿಟ್ಟುಕೊಡಬೇಕಾಗಿ ವಿನಂತಿ. ಈರಪ್ಪನ ಮನೆಯವರು ಮಾತ್ರ ಮುಂದೆ ಬರಬೇಕಾಗಿಲ್ಲ.