ಕಿಟಕಿಯ ನ್ಯಾಯಸಮ್ಮತ ಹಂಚಿಕೆ

ನಮ್ಮ ನ್ಯಾಯಸಮ್ಮತ ಹಂಚಿಕೆ ಕಚೇರಿಯಲ್ಲಿ ಹನ್ನೊಂದು ಮಂದಿ ನೌಕರರೂ ಒಂದು ಕಿಟಕಿಯೂ ಇದ್ದು, ಸದರಿ ಕಿಟಕಿಯ ಪಕ್ಕ ಕುಳಿತು ರವಾನೆ ವಿಭಾಗದ ಅಕ್ಕ ಒಂಬತ್ತು ವರ್ಷಗಳಿಂದ ಯಾವ ಆದೇಶವೂ ಇಲ್ಲದೆ ಗಾಳಿ ಸೇವಿಸುತ್ತಿದ್ದ ಸಂಗತಿ ವಾರ್ಷಿಕ ತಪಾಸಣೆಯಲ್ಲಿ ಬಯಲಾಯಿತು.

ಅಕ್ಕನಿಗೆ ಉಬ್ಬಸ. ಅದಕ್ಕೇ ಅಲ್ಲಿ ಕೂರುತ್ತಿದ್ದರು, ನಾವೂ ಸುಮ್ಮನಿದ್ದೆವು. ಇಷ್ಟು ವರ್ಷ ಅದು ಅನ್ಯಾಯವೆಂದು ಒಬ್ಬರಿಗೂ ಹೊಳೆದಿರಲಿಲ್ಲ ಎಂಬುದನ್ನು ನೆನೆದರೆ, ಸಭೆಯ ನಡವಳಿ ಬರೆಯುವ ಗುಮಾಸ್ತನಾದ ನನಗೆ ಈಗಲೂ ನಾಚಿಕೆಯಾಗುತ್ತದೆ.

"ಉಬ್ಬಸ ಆದೇಶ ಆಗಲ್ಲಮ್ಮ," ಎಂದರು ಸಾಹೇಬರು. "ನಮ್ಮ ಕೆಲಸವೇ ಹಂಚೋದು. ನಮ್ಮಲ್ಲೇ ಹೀಗಾದ್ರೆ ಜನಕ್ಕೆ ಯಾವ ಮುಖ ತೋರ್ಸೋದು?"

"ಕಿಟಕಿ ಇಲ್ದಿದ್ರೆ ಮಧ್ಯಾಹ್ನದ ಹೊತ್ತಿಗೆ ಉಸಿರೇ ಹಿಡ್ಕೊಂಡ್ಬಿಡುತ್ತೆ ಸಾರ್."

"ಅದನ್ನ ಬರೆದು ಕೊಡಿ. ನೋಡೋಣ."

ಕಿಟಕಿಯನ್ನು ಯಾವ ತತ್ವದ ಮೇಲೆ ಹಂಚಬೇಕು ಎಂಬ ಬಗ್ಗೆ ಸಭೆ ಕರೆಯಲಾಯಿತು. ಹೆಡ್ ಕ್ಲರ್ಕ್ ಎದ್ದು ನಿಂತು, ಪ್ರತಿಯೊಬ್ಬನೂ ತನ್ನದನ್ನು ತಾನು ನೋಡಿಕೊಂಡರೆ ಸಮಾಜ ತಾನಾಗಿ ನೆಟ್ಟಗಾಗುತ್ತದೆ ಎಂದರು. ಉಗ್ರಾಣದವರು ಮೇಜು ಗುದ್ದಿ, ಸಮಾನತೆಯೇ ನ್ಯಾಯದ ತಳಹದಿ ಎಂದರು. ಹೆಡ್ ಕ್ಲರ್ಕರ ಮೇಜು ಕಿಟಕಿಗೆ ಎರಡನೆಯದು, ಉಗ್ರಾಣದವರದು ಕಡೆಯದು ಎಂಬುದಕ್ಕೂ ಈ ತತ್ವಗಳಿಗೂ ಸಂಬಂಧವಿಲ್ಲವೆಂದು ನಡವಳಿಯಲ್ಲಿ ಸ್ಪಷ್ಟಪಡಿಸಿದ್ದೇನೆ. ಒಂದೊಂದು ತತ್ವವನ್ನೂ ಒಂದೊಂದು ವಾರ ಪರೀಕ್ಷಿಸುವುದೆಂದು ಸಾಹೇಬರು ತೀರ್ಪಿತ್ತರು.

ಮೊದಲನೆಯದು ಸ್ವಹಿತದ ವಾರ. ತಮಗೆ ಎಷ್ಟು ಕಿಟಕಿ ಬೇಕೆಂದು ಎಲ್ಲರೂ ಅರ್ಜಿ ಹಾಕತಕ್ಕದ್ದು, ಹೆಚ್ಚು ಬೇಕಾದವರಿಗೆ ಹೆಚ್ಚು. ಹೆಡ್ ಕ್ಲರ್ಕ್ ಪೂರ್ತಿ ಕಿಟಕಿ ಕೇಳಿದರು. ಉಗ್ರಾಣದವರು, ತಮ್ಮ ತತ್ವ ಬೇರೆಯಾದರೂ ಈ ವಾರ ಸ್ವಹಿತದ್ದೇ ಅಲ್ಲವೇ ಎಂದು, ಎರಡು ಕಿಟಕಿ ಕೇಳಿದರು. ನಾನು ಒಂದೂವರೆ ಕೇಳಿದೆ. ಅಕ್ಕ ಮಾತ್ರ "ಅರ್ಧ ತೆರೆದರೂ ಸಾಕು" ಎಂದು ಬರೆದಿದ್ದರು. ಅತ್ಯಂತ ಕಡಿಮೆ ಅಗತ್ಯವುಳ್ಳವರು ಇವರೇ ಎಂದು ಸಾಬೀತಾದ್ದರಿಂದ ಅವರ ಮೇಜನ್ನು ಹಳೇ ಕಡತಗಳ ಕಪಾಟಿನ ಹಿಂದಕ್ಕೆ ಸಾಗಿಸಲಾಯಿತು. ಉಳಿದ ಹತ್ತು ಮೇಜುಗಳು ಕಿಟಕಿಗೆ ಮುಗಿಬಿದ್ದು ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. ಮೂರು ದಿನ ಯಾರೂ ಊಟಕ್ಕೆ ಏಳಲಿಲ್ಲ, ಎದ್ದರೆ ಜಾಗ ಹೋಗುತ್ತಿತ್ತು.

ಎರಡನೆಯದು ಸಮಾನತೆಯ ವಾರ. ಬಡಗಿಯನ್ನು ಕರೆಸಿ ಕಿಟಕಿಯನ್ನು ಹನ್ನೊಂದು ಸಮಭಾಗ ಮಾಡಲು ಹೇಳಲಾಯಿತು. ಅವನು ಅಳೆದು ಪಟ್ಟಿ ಹೊಡೆದ. ಆದರೂ ಒಬ್ಬರ ಪಾಲಿನ ಗಾಳಿ ಇನ್ನೊಬ್ಬರ ಮೂಗಿಗೆ ನುಗ್ಗುತ್ತಿದೆಯೆಂದು ಒಂದೇ ದಿನದಲ್ಲಿ ಹದಿನಾಲ್ಕು ದೂರು ಬಂದವು. ಕೊನೆಗೆ ಹಲಗೆ ಬಡಿದು ಪೂರ್ತಿ ಮುಚ್ಚುವಂತೆ ಆದೇಶವಾಯಿತು.

"ಮುಚ್ಚಿದ್ರೆ ಯಾರಿಗೂ ಬರಲ್ವಲ್ಲ ಸ್ವಾಮಿ?" ಬಡಗಿ ತಲೆ ಕೆರೆದುಕೊಂಡ.

"ಸಮಾನತೆ ಅಂದ್ರೆ ಮತ್ತೇನಯ್ಯ?" ಎಂದರು ಉಗ್ರಾಣದವರು.

"ನನಗೆ ಬರದೇ ಹೋದ್ರೂ ಪರವಾಗಿಲ್ಲ, ಇವರಿಗೆ ಬರಲ್ವಲ್ಲ," ಎಂದು ಹೆಡ್ ಕ್ಲರ್ಕೂ ಖುಷಿಪಟ್ಟರು. ಎರಡೂ ತತ್ವಗಳು ಒಂದೇ ಹಲಗೆಯಲ್ಲಿ ಕೂಡಿಬಂದ ಈ ಗಳಿಗೆಯಲ್ಲಿ ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ಕಪಾಟಿನ ಹಿಂದಿನಿಂದ ಕೆಮ್ಮು ಕೇಳಿಸಿತು.

ಹದಿನೈದು ದಿನದಲ್ಲಿ ಕಡತದ ದೂಳು ಕುಡಿದು ನಾವೆಲ್ಲರೂ ಕೆಮ್ಮತೊಡಗಿದೆವು. ಅಕ್ಕ ಹೊರಗಿನ ಪಡಸಾಲೆಯಲ್ಲಿ ಕೂರಲು ಅನುಮತಿ ಕೇಳಿದರು.

"ಈಗ ಎಲ್ಲರೂ ಕೆಮ್ಮುತಾ ಇದ್ದೀವಿ. ನಿಮ್ಮದೊಂದೇ ಏನು ವಿಶೇಷ?" ಎಂದರು ಸಾಹೇಬರು. ಆಮೇಲೆ ಅವರ ಕಣ್ಣು ಅಕ್ಕನ ಕೈಯಲ್ಲಿದ್ದ ಇನ್ಹೇಲರ್ ಮೇಲೆ ಬಿತ್ತು. "ಅದೇನದು? ಹನ್ನೊಂದು ಜನರಲ್ಲಿ ನಿಮಗೊಬ್ಬರಿಗೇ ಇದ್ಯಾ?"

ಇನ್ಹೇಲರನ್ನು ಅಂದೇ ಕಚೇರಿಗೆ ಜಮೆ ಮಾಡಿಕೊಳ್ಳಲಾಯಿತು. ದಿನಾ ಮೂರು ಗಂಟೆಗೆ ಎಲ್ಲರೂ ಸೇವಾ ಹಿರಿತನದ ಪ್ರಕಾರ ಸಾಲಾಗಿ ನಿಂತು, ಮೊದಲು ಸಹಿ ಮಾಡಿ, ತಲಾ ಒಂದು ಸಲ ಒತ್ತಿಕೊಂಡು ಹಿಂದಿನವರಿಗೆ ಕೊಡತಕ್ಕದ್ದು, ಪಡೆದವರು ಕೊಟ್ಟವರಿಗೆ ಧನ್ಯವಾದ ಹೇಳತಕ್ಕದ್ದು. ಸಾಲಿನಲ್ಲಿ ನಾನು ಎಂಟನೆಯವನು, ಅಕ್ಕ ಒಂಬತ್ತನೆಯವರು.

ಮೊದಲ ದಿನ ನನ್ನ ಸರದಿ ಬಂದಾಗ ಬೆನ್ನ ಹಿಂದೆ ಅಕ್ಕನ ಎದೆ ಸೀಟಿ ಹೊಡೆಯುವುದು ಕೇಳಿಸಿತು. ಗೋಡೆ ಹಿಡಿದು ನಿಂತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಸಂಕಟವಾಯಿತು. "ಮೊದಲು ನೀವು ತಗೊಳ್ಳಿ ಅಕ್ಕ" ಎಂಬ ಮಾತು ಬಾಯಿತನಕ ಬಂದಿತ್ತು. ಆದರೆ ಹಾಗೆಂದರೆ ಅವರನ್ನು ನಮ್ಮ ಸಮಾನರಲ್ಲವೆಂದು ಅವಮಾನಿಸಿದಂತಾಗುವುದಿಲ್ಲವೇ? ಸಹಿ ಹಾಕಿ ಒತ್ತಿಕೊಂಡೆ. ಎದೆ ಹಗುರವಾಯಿತು, ಒಳ್ಳೆಯ ಔಷಧಿ.

"ಬೇಗ... ಕೊಡಪ್ಪ," ಎಂದರು ಅಕ್ಕ.

"ಮೊದಲು ಸಹಿ ಹಾಕ್ಬೇಕಕ್ಕ," ಎಂದೆ.

ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡೇ ಹಾಕಿದರು. ನಂತರ ಇನ್ಹೇಲರ್ ಇಸಿದುಕೊಂಡು, ನಿಯಮದಂತೆ, ನನಗೆ ಧನ್ಯವಾದವನ್ನೂ ಹೇಳಿದರು.