ಸರಾಸರಿಗೆ ಅಡ್ಡ ಬಂದ ಗುಬ್ಬಿ

ಮೇಷ್ಟ್ರ ತಲೆನೋವಿಗೆ ಕಾರಣ ಒಂದು ಸೊನ್ನೆ. ಮುಂದಿನ ಬೆಂಚಿನ ಗುಬ್ಬಿ ಯಾವ ಪರೀಕ್ಷೆ ಕೊಟ್ಟರೂ ನಿಷ್ಠೆಯಿಂದ ಅದನ್ನೇ ತೆಗೆಯುತ್ತಿದ್ದಳು.

ಆ ಸರ್ಕಾರಿ ಶಾಲೆಯಲ್ಲಿದ್ದದ್ದು ಒಂದು ಕೋಣೆ, ಒಬ್ಬ ಮೇಷ್ಟ್ರು, ಹತ್ತು ಮಕ್ಕಳು. ಇವತ್ತು ಹನ್ನೊಂದಕ್ಕೆ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರು ಬರೆಸುವ ಪರೀಕ್ಷೆಯಲ್ಲಿ ಸರಾಸರಿ ಐವತ್ತು ಬರದಿದ್ದರೆ ಶಾಲೆಗೆ ಬೀಗ, ಮೇಷ್ಟ್ರಿಗೆ ವರ್ಗ. ಯಾವ ಮಗುವಿನ ಯಾವ ಹಲ್ಲು ಅಲ್ಲಾಡುತ್ತಿದೆ ಎಂಬುದೂ ಮೇಷ್ಟ್ರಿಗೆ ಗೊತ್ತಿತ್ತು. ಈ ಮಕ್ಕಳನ್ನೆಲ್ಲ ಬಿಟ್ಟುಹೋಗುವುದನ್ನು ಅವರಿಂದ ನೆನೆಯಲೂ ಆಗುತ್ತಿರಲಿಲ್ಲ.

"ಗುಬ್ಬಿ, ಕನ್ನಡಕ ಮರೆತು ಬಂದಿದ್ದೀನಿ. ನಮ್ಮನೆಗೆ ಹೋಗಿ ಇಸ್ಕೊಂಡು ಬಾ. ಓಡ್ಬೇಡ ಪುಟ್ಟಿ, ನಿಧಾನಕ್ಕೆ ಬಾ."

ಕನ್ನಡಕ ಅವರ ಜೇಬಿನಲ್ಲೇ ಬೆಚ್ಚಗಿತ್ತು. ಮಗು ಕುಣಿಯುತ್ತ ಹೋದಾಗ ಅವರಿಗೇ ನಾಚಿಕೆಯಾಯಿತು.

ಅಡುಗೆಯಕ್ಕ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಅಲ್ಲಾ ಮೇಷ್ಟ್ರೇ, ಹತ್ತರಲ್ಲಿ ಒಂದು ತಲೆ ಕಮ್ಮಿಯಾದ್ರೂ ಬೀಗ ಅಂತಲ್ವಾ? ಇಲಾಖೆ ಕಾಗದ ನೀವೇ ಓದಿ ಹೇಳಿದ್ರಿ!"

ಮೇಷ್ಟ್ರು ಹಣೆ ಚಚ್ಚಿಕೊಂಡರು. ಸರಾಸರಿಯ ಗಡಿಬಿಡಿಯಲ್ಲಿ ಹಾಜರಿ ಮರೆತೇಹೋಗಿತ್ತು. "ಅಕ್ಕಾ, ಮಕ್ಕಳನ್ನ ನೋಡ್ಕೊಳ್ಳಿ" ಎಂದವರೇ ಸೈಕಲ್ ಹತ್ತಿದರು.

ಮನೆಯಲ್ಲಿ ಹೆಂಡತಿ ಮಂಚದ ಕೆಳಗಿನಿಂದ ತಲೆ ಹೊರಗೆ ಹಾಕಿದಳು. "ಮಗು ಕಾದು ಕಾದು ಈಗ ತಾನೇ ವಾಪಸ್ ಹೋಯ್ತು. ನಾನಿನ್ನೂ ಹುಡುಕ್ತಾನೇ ಇದ್ದೀನಿ. ಅಲ್ಲಾ, ನಿಮ್ಮ ಜೇಬಲ್ಲಿರೋದೇನ್ರೀ?"

ಮೇಷ್ಟ್ರು ಆಗಲೇ ಸೈಕಲ್ ತಿರುಗಿಸಿದ್ದರು. ಅರ್ಧ ದಾರಿಯಲ್ಲಿ ಚೈನು ತುಂಡಾಯಿತು. ಅಂಗಡಿಯವನೊಬ್ಬ ತಾನೇ ಸರಿಮಾಡುತ್ತೇನೆಂದು ಕೂರಿಸಿ, ಪೆಡಲನ್ನೂ ಕಳಚಿಟ್ಟ. ಮೇಷ್ಟ್ರು ಕೊನೆಗೆ ಸೈಕಲ್ ತಳ್ಳಿಕೊಂಡೇ, ಮೂತಿಯೆಲ್ಲ ಮಸಿಯಾಗಿ ಶಾಲೆ ಮುಟ್ಟಿದರು.

ಒಳಗೆ ಸಾಹೇಬರು ಪರೀಕ್ಷೆ ಮುಗಿಸಿ ವರದಿ ಬರೆಯುತ್ತಿದ್ದರು. ಅಡ್ಡದಾರಿಯಲ್ಲಿ ಬಂದ ಗುಬ್ಬಿ ತನ್ನ ಜಾಗದಲ್ಲೇ ಕೂತಿದ್ದಳು.

"ಸರಾಸರಿ ಸರಿಯಾಗಿ ಐವತ್ತು" ಎಂದರು ಸಾಹೇಬರು. "ಈ ಹುಡುಗಿ ಮೂವತ್ತು ತೆಗೀದೇ ಇದ್ದಿದ್ರೆ ಕಷ್ಟ ಇತ್ತು."

"ಮೂವತ್ತಾ? ಗುಬ್ಬಿ, ಹೇಗೆ ಬರೆದ್ಯೇ?"

"ನೀವು ಪಕ್ಕದಲ್ಲಿ ನಿಂತ್ಕೊಂಡು ಉಗುರು ಕಚ್ತಾ ಇರ್ಲಿಲ್ವಲ್ಲ ಮೇಷ್ಟ್ರೇ, ಭಯಾನೇ ಆಗ್ಲಿಲ್ಲ."

ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಸಿಗೈಯಲ್ಲೇ ಅವಳ ತಲೆ ಸವರಿದರು.

"ಶಾಲೆ ಉಳೀತು" ಎಂದು ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಮಕ್ಕಳು ಹತ್ತಕ್ಕೆ ಹತ್ತೂ ಹಾಜರು. ತಪಾಸಣೆಗೆ ಗೈರುಹಾಜರಾದವರು ನೀವೊಬ್ರೇ. ಸುಮ್ನೆ ಬಿಡೋ ಹಾಗಿಲ್ಲ ಮೇಷ್ಟ್ರೇ, ವರ್ಗಕ್ಕೆ ಬರೆದಿದ್ದೀನಿ. ಇಲ್ಲಿಗೆ ಬೇರೆಯವರು ಬರ್ತಾರೆ."

ಸಾಹೇಬರ ಜೀಪು ಹೋಯಿತು. ಮೇಷ್ಟ್ರು ಕುರ್ಚಿ ಹಿಡಿದು ನಿಂತೇ ಇದ್ದರು. ಕಣ್ಣು ತುಂಬಿಬಂದಿತ್ತು.

"ಮೇಷ್ಟ್ರೇ, ನೀವು ಫೇಲಾ?" ಗುಬ್ಬಿ ಮೆಲ್ಲಗೆ ಕೇಳಿದಳು.

"ಹೂಂ ಪುಟ್ಟಿ, ಫೇಲು."

"ಮತ್ಯಾಕೆ ಹೋಗ್ತೀರಿ? ಫೇಲಾದೋರು ಇನ್ನೊಂದ್ವರ್ಷ ಇಲ್ಲೇ ಕೂರ್ಬೇಕು" ಎಂದು ಅವಳು ಬೆಂಚಿನಲ್ಲಿ ಒತ್ತಿ ಕೂತು ಜಾಗ ಬಿಟ್ಟಳು.