ಕಾರ್ಬುರೇಟರಿಗೆ ಅರ್ಧ ಸುತ್ತು

ಬೈಕಿನ ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ಉದುರದೇ ಇದ್ದಿದ್ದರೆ, ಆ ಕಟ್ಟಡದ ಮಹಡಿಯಲ್ಲಿ ಪ್ರೂಫ್ ರೀಡರ್ ಒಬ್ಬ ಇದ್ದಾನೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದ್ರಣಾಲಯದಲ್ಲಿ ಅವನದು ತಪ್ಪು ಹುಡುಕುವ ಕೆಲಸ. ಪುಸ್ತಕ ಸರಿಯಾಗಿ ಅಚ್ಚಾದರೆ ಅವನನ್ನು ಕೇಳುವವರಿಲ್ಲ. ಎಲ್ಲೋ ಒಂದು ಕೊಂಬು ಜಾರಿದರೆ ಮಾತ್ರ ಮಾಲೀಕರು "ಎಲ್ಲಿ ಆ ಪ್ರೂಫಿನವನು?" ಎಂದು ಹುಡುಕಿಸುತ್ತಾರೆ. ಕೋಣೆಯಲ್ಲಿ ಅವನಿಗೆ ಒಂದು ಮಂಚ, ಒಂದು ಕುರ್ಚಿ, ಒಂದು ಲೋಟ. ಸಂಜೆ ಬೀಗ ತೆಗೆಯುವಾಗ ಆ ಬೀಗ ಮಾಡುವ ಸದ್ದೇ ಅವನಿಗೆ ಸ್ವಾಗತ.

ಹೊಸ ಸೈಲೆನ್ಸರ್ ಪೈಪು ಹಾಕಿದ ಮೆಕ್ಯಾನಿಕ್ ಹೇಳಿದ್ದ: "ಕಂಪನಿದು ಈಗ ಬರೋದಿಲ್ಲ ಸಾರ್, ಇದು ಬೇರೆಯವರದ್ದು. ಹೊಗೆ ಸಲೀಸಾಗಿ ಹೋಗುತ್ತೆ. ಆದ್ರೆ ಇನ್ಮೇಲೆ ಗಾಳಿ ಜಾಸ್ತಿ ಆಗಿ ಪೆಟ್ರೋಲ್ ಸಾಲದೆ ಢಂ ಢಂ ಅಂತ ಹೊಡೆಯುತ್ತೆ. ಕಾರ್ಬುರೇಟರ್ ಟ್ಯೂನ್ ಮಾಡ್ಬೇಕು. ನಾಳೆ ನಂಗೆ ರಜಾ, ನಾಡಿದ್ದು ಬನ್ನಿ."

ನಾಡಿದ್ದಿನ ತನಕ ಕಾಯಬಹುದಿತ್ತು. ಆದರೆ ಮರುದಿನ ಪ್ರೂಫ್ ರೀಡರನಿಗೂ ರಜೆ, ಮಾಡಲು ಬೇರೇನೂ ಇರಲಿಲ್ಲ. ಬೆಳಿಗ್ಗೆಯೇ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿದು, ಕಿಕ್ ಹೊಡೆದ. ಎಕ್ಸಿಲರೇಟರ್ ತಿರುಗಿಸಿ ಬಿಟ್ಟದ್ದೇ ತಡ, ಢಂ!

ಕೆಳಮನೆಯ ಅಜ್ಜಿ ಸೌಟು ಹಿಡಿದೇ ಓಡಿ ಬಂದರು. "ಏನ್ರೀ ಸಿಡೀತು? ಯಾರ್ರೀ ನೀವು?"

"ಮೇಲಿನ ಕೋಣೆಯವನು ಅಜ್ಜಿ."

"ಮೇಲೆ ಜನ ಇದಾರಾ? ಖಾಲಿ ಬಿದ್ದಿದೆ ಅಂದ್ಕೊಂಡಿದ್ನಲ್ಲ!"

ನಾಲ್ಕು ವರ್ಷದಿಂದ ಅವನು ಅವರ ತಲೆಯ ಮೇಲೇ ಮಲಗುತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಬಸ್ ಡ್ರೈವರ್ ಬನಿಯನ್‌ನಲ್ಲೇ ಬಂದು ಸ್ಕ್ರೂಡ್ರೈವರ್ ಕಿತ್ತುಕೊಂಡರು. "ಕೊಡಿ ಇಲ್ಲಿ. ಜೀವಮಾನವೆಲ್ಲ ಬಸ್ಸು ಓಡಿಸಿದೋನು ನಾನು." ಅವರು ಓಡಿಸಿದ ಡೀಸೆಲ್ ಬಸ್ಸಿಗೆ ಕಾರ್ಬುರೇಟರೇ ಇರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಅವರು ಕಾರ್ಬುರೇಟರಿಗೆ ಗಾಳಿ ಬಿಡುವ ಸ್ಕ್ರೂವನ್ನು ಇನ್ನಷ್ಟು ಸಡಿಲ ಮಾಡಿದರು. ಒಂದಿದ್ದ ಢಂ ಎರಡಾಯಿತು.

ಆ ಸದ್ದಿಗೆ ಎದುರುಮನೆಯ ಹಾರ್ಮೋನಿಯಂ ಮೇಷ್ಟ್ರು ಪಾಠ ಬಿಟ್ಟು ಬಂದರು. "ತಾಳಿ ತಾಳಿ, ಇದಕ್ಕೆ ಶ್ರುತಿ ಸೇರಿಲ್ಲ." ಕಣ್ಣು ಮುಚ್ಚಿ ಪೈಪಿನ ಹತ್ತಿರ ಬಲಗಿವಿ ಒಡ್ಡಿದರು. ಢಂ! "ಪರವಾಗಿಲ್ಲ," ಎಂದು ಕಿವಿ ಉಜ್ಜಿಕೊಂಡರು, "ಎಡಗಡೆದು ಇದೆಯಲ್ಲ."

ಬೀದಿಯ ಟೈಲರ್ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದ. "ಸಡಿಲ ಇದ್ರೆ ಬಿಗಿ ಮಾಡ್ಬೇಕು, ಬಿಗಿ ಇದ್ರೆ ಸಡಿಲ ಮಾಡ್ಬೇಕು. ಅಂಗಿಯಾದ್ರೇನು, ಗಾಡಿಯಾದ್ರೇನು!"

ಬಿಗಿ, ಸಡಿಲ, ಮತ್ತೆ ಬಿಗಿ. ಡ್ರೈವರ್ ಕಾಲಿಗೆ ಕಾದ ಪೈಪು ತಾಗಿ ಅವರು ಒಂಟಿ ಕಾಲಲ್ಲಿ ಕುಣಿದರು. ಅಜ್ಜಿ ಸೌಟಿನಿಂದಲೇ ಎಲ್ಲರಿಗೂ ನಿರ್ದೇಶನ ಕೊಟ್ಟರು. ಮಸಿ ಮುಖದ ಪ್ರೂಫ್ ರೀಡರನಿಗೆ ಮಾತ್ರ ಇಷ್ಟು ಖುಷಿ ಎಂದೂ ಆಗಿರಲಿಲ್ಲ. ಚಹಾ ಮಾಡುತ್ತೇನೆಂದು ಮೇಲೆ ಓಡಿದವನು, ಲೋಟ ಕೇಳಲು ಪೆಚ್ಚು ಮೋರೆ ಹಾಕಿಕೊಂಡು ಇಳಿದ.

"ಇರೋದು ಒಂದೇ ಲೋಟಾನಾ?" ಅಜ್ಜಿ ಕೇಳಿದರು.

"ಒಬ್ಬನೇ ಅಲ್ವಾ ಅಜ್ಜಿ."

"ನಿಂಗೆ ಯಾರೂ ಇಲ್ವೇನೋ?" ಅಜ್ಜಿಯ ಬಹುವಚನ ಕರಗಿಹೋಗಿತ್ತು.

"ಅಕ್ಕ ಇದಾಳೆ. ದೂರದಲ್ಲಿ." ಆ ಏಕವಚನಕ್ಕೆ ಅವನ ಕಣ್ಣು ತುಂಬಿತು. ಹೊಗೆ ಎಂದು ಒರೆಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಎಡಗಿವಿ ಕೆಲಸ ಮಾಡಿತು. ಢಂ ಹೋಗಿ ಸಣ್ಣ ಕೆಮ್ಮು ಮಾತ್ರ ಉಳಿಯಿತು. "ಇನ್ನೊಂಚೂರು ಅಷ್ಟೇ," ಎಂದರು ಡ್ರೈವರ್, "ಊಟ ಮಾಡ್ಕೊಂಡು ಬಂದು ಮುಗಿಸಿಬಿಡೋಣ."

ಮುಗಿಸಿಬಿಡೋಣ ಎಂಬ ಮಾತು ಅವನ ಕಿವಿಯಲ್ಲೇ ಉಳಿಯಿತು. ಅಂಗಳ ಖಾಲಿಯಾಯಿತು. ಬೈಕು ರಿಪೇರಿಯಾದರೆ ಇವರೆಲ್ಲ ಮತ್ತೆ ಯಾಕೆ ಬರುತ್ತಾರೆ? ಅವನು ಮೂಲೆಯಂಗಡಿಗೆ ಹೋಗಿ ಆರು ಹೊಸ ಲೋಟ ತಂದ. ಆಮೇಲೆ ಅತ್ತಿತ್ತ ನೋಡಿ, ಕಳ್ಳನ ಹಾಗೆ ಬೈಕಿನ ಪಕ್ಕ ಕೂತ. ಬೇರೆಯವರ ತಪ್ಪು ತಿದ್ದಿಯೇ ಬದುಕಿದವನು, ಜನ್ಮದಲ್ಲಿ ಮೊದಲ ಸಲ ಬೇಕೆಂದೇ ತಪ್ಪು ಮಾಡಲು ಹೊರಟಿದ್ದ. ಯಾವ ಕಡೆ ತಿರುಗಿಸಿದರೆ ಕೆಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಕೈ ಬಿದ್ದರೆ ಯಾವ ಕಡೆಯಾದರೂ ಕೆಡುತ್ತದೆ ಎಂಬ ನಂಬಿಕೆಯಿಂದ ಗಾಳಿಯ ಸ್ಕ್ರೂವಿಗೆ ಬಿಗಿಯ ಕಡೆಗೆ ಅರ್ಧ ಸುತ್ತು ಕೊಟ್ಟ. ಸ್ಟಾರ್ಟ್ ಮಾಡಿ ನೋಡಲಿಲ್ಲ; ಸದ್ದು ಕೇಳಿದರೆ ಸಿಕ್ಕಿಬೀಳುತ್ತಿದ್ದ.

ಊಟ ಮುಗಿಸಿ ಎಲ್ಲರೂ ಬಂದರು. ಡ್ರೈವರ್ ಕಿಕ್ ಹೊಡೆದರು. ಬೈಕು ಗುಂ ಎಂದು ತಣ್ಣಗೆ ಗುನುಗಿತು. ಎಕ್ಸಿಲರೇಟರ್ ತಿರುಗಿಸಿ ಬಿಟ್ಟರು. ಢಂ ಇಲ್ಲ, ಕೆಮ್ಮೂ ಇಲ್ಲ.

"ಶ್ರುತಿ ಸೇರ್ತು!" ಮೇಷ್ಟ್ರು ಚಪ್ಪಾಳೆ ತಟ್ಟಿದರು.

"ಬೆಳಿಗ್ಗೆ ನಾನು ಮಾಡಿದ್ದು ಈಗ ಹಿಡೀತು," ಎಂದರು ಡ್ರೈವರ್.

"ಚಹಾ ಇಡ್ತೀನಿ, ಕೂತ್ಕೊಳ್ಳಿ. ಲೋಟ ತಂದಿದೀನಿ," ಎಂದ ಪ್ರೂಫ್ ರೀಡರ್.

"ಕೆಲಸ ಆಯ್ತಲ್ಲಪ್ಪ, ಇನ್ನೇನು!" ಟೈಲರ್ ಹೊರಟ. ಮೇಷ್ಟ್ರು ಪಾಠಕ್ಕೆ, ಡ್ರೈವರ್ ನಿದ್ದೆಗೆ. ಕೊನೆಗೆ ಅಜ್ಜಿ ಅವನ ಬೆನ್ನು ತಟ್ಟಿದರು. "ಎಷ್ಟು ಚೆನ್ನಾಗಾಯ್ತು ನೋಡು. ಇನ್ಮೇಲೆ ನೀನು ಬಂದ್ಯೋ ಹೋದ್ಯೋ, ನಮಗೆ ಗೊತ್ತೇ ಆಗಲ್ಲ." ಬಾಗಿಲು ಹಾಕಿಕೊಂಡರು.

ಅವನು ಗಡಬಡಿಸಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಒಂದೇ ಅರ್ಧ ಸುತ್ತು ಹಿಂದಕ್ಕೆ, ಸಾಕು. ಇಟ್ಟು ತಿರುಗಿಸಿದ, ಜಾರಿತು. ಒತ್ತಿ ತಿರುಗಿಸಿದ, ಮತ್ತೆ ಜಾರಿತು. ಬಗ್ಗಿ ನೋಡಿದರೆ, ಅಷ್ಟು ಜನರ ಕೈ ಬಿದ್ದು ಆ ಹಿತ್ತಾಳೆಯ ಸ್ಕ್ರೂವಿನ ಗೀರು ಪೂರ್ತಿ ಸವೆದು, ತಲೆ ನುಣ್ಣಗಾಗಿತ್ತು. ಇನ್ನು ಅದನ್ನು ಯಾರೂ ಕೆಡಿಸುವ ಹಾಗಿರಲಿಲ್ಲ.

ಅವನು ಮೇಲೆ ಹೋಗಿ, ಆರು ಹೊಸ ಲೋಟಗಳನ್ನು ಮಂಚದ ಕೆಳಗೆ ತಳ್ಳಿ, ಹಳೆಯದರಲ್ಲೇ ಚಹಾ ಕುಡಿದ.